ಅಪ್‌ಡೇಟ್: ಊಟ ಬಿಟ್ಟಿದ್ದ ತಂಗಿಯ ವಿಷಯ

ಮದುವೆ ಮನೆಯಲ್ಲಿ ‘ದಪ್ಪ ಆಗಿದ್ದೀಯಲ್ಲಾ’ ಅನ್ನಿಸಿಕೊಂಡ ಮೇಲೆ ತಂಗಿ ಊಟ ಬಿಟ್ಟಿದ್ದಾಳೆ, ಏನು ಮಾಡಲಿ ಅಂತ ಕೇಳಿದ್ದೆ. ನೀವು ಹೇಳಿದ ಟೆಲಿ ಮಾನಸ್ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) 14416ಕ್ಕೆ ಫೋನ್ ಮಾಡಿದೆವು. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಿದರು. ಆಮೇಲೆ ಉಡುಪಿಯಲ್ಲಿ ಮನೋವೈದ್ಯರಿಗೆ ತೋರಿಸಿದೆವು.

ಮುಟ್ಟು ನಿಂತಿದ್ದನ್ನು ಅವಳು ಅಮ್ಮನಿಗೂ ಹೇಳಿರಲಿಲ್ಲ, ಡಾಕ್ಟರ್ ಕೇಳಿದ ಮೇಲೇ ಗೊತ್ತಾಗಿದ್ದು. ಊಟ ತುಂಬಾ ಕಡಿಮೆಯಾದರೆ ಹಾಗಾಗುತ್ತದಂತೆ. ರಕ್ತ ಪರೀಕ್ಷೆ, ಇಸಿಜಿ ಕೂಡ ಆಯಿತು. ತಿಂದದ್ದನ್ನು ವಾಂತಿ ಮಾಡುತ್ತಿದ್ದರೆ ಪೊಟ್ಯಾಸಿಯಂ ಇಳಿದು ಹೃದಯಕ್ಕೇ ಅಪಾಯವಂತೆ. ನೋಡೋಕೆ ಸಪೂರ ಇಲ್ಲದವರಿಗೂ ಊಟ ಬಿಡುವ ಈ ಕಾಯಿಲೆ (ಈಟಿಂಗ್ ಡಿಸಾರ್ಡರ್) ಬರುತ್ತದೆ ಮಾರಾಯ್ರೆ!

ಈಗ ಕೌನ್ಸೆಲಿಂಗ್ ನಡೀತಾ ಉಂಟು. ಗಂಜಿ, ಚಟ್ನಿ ತಿನ್ನುತ್ತಾಳೆ. ಬಂಗುಡೆ ಫ್ರೈ ಇನ್ನೂ ಮುಟ್ಟುವುದಿಲ್ಲ. ಮನೆಯಲ್ಲಿ ತೂಕದ ಮಾತು ಬಂದ್. ದೊಡ್ಡಮ್ಮನಿಗೆ ಮಾತ್ರ ಅರ್ಥ ಮಾಡಿಸೋಕೆ ಆಗಿಲ್ಲ, ಹಾಗಾಗಿ ಅವರ ಮನೆ ಮೆಹೆಂದಿಗೆ ನಾವಿಬ್ಬರೂ ಹೋಗುತ್ತಿಲ್ಲ.