ಆಯಿ ಇಲ್ಲೇ ಇರ್ತಾಳೆ: ಬೆಂಗಳೂರಿನ ತಮ್ಮನಿಗೆ, ಮನೆಯವರೆಲ್ಲರಿಗೂ

ತಮ್ಮಾ, ನೀನು ರಾತ್ರಿ ಹಾಕಿದ ಮೆಸೇಜು ಬೆಳಗ್ಗೆ ಎದ್ದ ಮೇಲೆ ನೋಡಿದೆ. ಟೈಪ್ ಮಾಡ್ತಾ ಕೂತ್ರೆ ಮಧ್ಯಾಹ್ನ ಆಗ್ತದೆ, ಅದಕ್ಕೆ ಮಾತಾಡಿಯೇ ಕಳಿಸ್ತಿದ್ದೇನೆ. ಉದ್ದ ಆಗ್ತದೆ. ದುಬೈಯ ಭಾವ, ಶಿರಸಿಯ ಅಕ್ಕ, ನೀವೂ ಪೂರ್ತಿ ಕೇಳಿ, ನಿಮಗೂ ಹೇಳುವುದಿದೆ.

ನೀನು ಹೇಳಿದ್ದು ಇಷ್ಟು: ಸರ್ಕಾರದ ಯುದ್ಧದ ಮಾಕ್ ಡ್ರಿಲ್ ಪಟ್ಟಿಯಲ್ಲಿ ಬೆಂಗಳೂರು, ರಾಯಚೂರಿನ ಜೊತೆ ನಮ್ಮ ಕಾರವಾರದ ಹೆಸರೂ ಇದೆ, ಅಲ್ಲಿ ಸೀಬರ್ಡ್ ನೌಕಾನೆಲೆ ಇದೆ, ಕೈಗಾ ಅಣುವಿದ್ಯುತ್ ಸ್ಥಾವರ ಇದೆ, ಆಯಿಯನ್ನ ಕರಕೊಂಡು ಬೆಂಗಳೂರಿಗೆ ಬಂದುಬಿಡಿ. ಬರದಿದ್ರೆ ಮೂರು ತಿಂಗಳ ಸಾಮಾನು ತುಂಬಿಡಿ, ಎಟಿಎಂ ಬಂದ್ ಆಗ್ತದಂತೆ, ದುಡ್ಡು ತೆಗೆದಿಡಿ. ಅದರ ಕೆಳಗೆ ಯಾರೋ ಮಾಡಿದ ಒಂದು ಪಟ್ಟಿ, ಐವತ್ತು ಕೆಜಿ ಅಕ್ಕಿಯಿಂದ ಹಿಡಿದು ಐದು ಕೆಜಿ ಉಪ್ಪಿನವರೆಗೆ. ನಿನ್ನ ಕಾಳಜಿ ನನಗೆ ಅರ್ಥ ಆಗ್ತದೆ ತಮ್ಮಾ. 2025ರ ಏಪ್ರಿಲ್ 22ಕ್ಕೆ ಪಹಲ್ಗಾಮಿನಲ್ಲಿ 26 ಜನರನ್ನ ಕೊಂದಾಗಿನಿಂದ ಇಲ್ಲಿಯೂ ಯಾರಿಗೂ ಸರಿಯಾಗಿ ನಿದ್ದೆ ಇಲ್ಲ. ಶಿವಮೊಗ್ಗದವರೊಬ್ಬರು ಹೆಂಡತಿ ಮಗನ ಎದುರೇ ಹೋದರಲ್ಲ, ಅದನ್ನ ನೋಡಿ ಆಯಿ ಎರಡು ದಿನ ಊಟ ಮಾಡಿಲ್ಲ. ಬುಧವಾರ ಆಪರೇಷನ್ ಸಿಂದೂರ ಆದ ಮೇಲಂತೂ ಮನೆಮನೆಯಲ್ಲಿ ಟಿವಿ ಆರಿಸಿಯೇ ಇಲ್ಲ.

ಆದರೆ ಆಯಿ ಬರೋದಿಲ್ಲ. ನಾನು ಹೇಳ್ತಿರೋದಲ್ಲ, ಅವಳೇ ಹೇಳಿದ್ದು. ಘಟ್ಟ ಹತ್ತಿ ಇಡೀ ರಾತ್ರಿ ಬಸ್ಸಿನಲ್ಲಿ ಕೂರೋದು ಅವಳ ಮೊಣಕಾಲಿಗೆ ಆಗೋ ಮಾತಲ್ಲ. ಅದಕ್ಕಿಂತ ಹೆಚ್ಚಾಗಿ, ಯುದ್ಧ ಕಣ್ಣೆದುರಿಗೆ ಬಂದದ್ದನ್ನ ಅವಳು ನೋಡಿದ್ದಾಳೆ. 1961ರ ನವೆಂಬರಿನಲ್ಲಿ ಇಲ್ಲೇ ಎದುರಿನ ಅಂಜುದೀವ ದ್ವೀಪದಿಂದ ಪೋರ್ಚುಗೀಸರು ನಮ್ಮ ಹಡಗಿನ ಮೇಲೆ ಗುಂಡು ಹಾರಿಸಿದ್ರು, ಆಮೇಲೆ ಮೀನುಗಾರರ ದೋಣಿ ಮೇಲೂ ಹಾರಿಸಿ ಒಬ್ಬರ ಜೀವ ಹೋಯ್ತು. ಡಿಸೆಂಬರ್ 18ಕ್ಕೆ ನೌಕಾಪಡೆಯವರು ಆ ದ್ವೀಪ ಹಿಡಿಯುವಾಗ ನಮ್ಮವರು ಏಳು ಜನ ತೀರಿಕೊಂಡ್ರು. ಆಗ ಆಯಿಗೆ ಹದಿನೆಂಟು ವರ್ಷ. ಬಿಣಗಾದ ಮನೆಯಲ್ಲಿ ದೀಪ ಸಣ್ಣ ಮಾಡಿ ಕೂತಿದ್ವಿ, ಆದರೆ ಗದ್ದೆಗೆ ಹೋಗೋದು ಯಾರೂ ಬಿಡಲಿಲ್ಲ ಅಂತ ಹೇಳ್ತಾಳೆ. ಆ ಅಂಜುದೀವ ಈಗ ಸೀಬರ್ಡಿನ ಒಳಗೇ ಇದೆ. ಆ ನೌಕಾನೆಲೆಗೆ ಮನೆ, ಗದ್ದೆ, ದೇವಸ್ಥಾನ ಎಲ್ಲ ಬಿಟ್ಟುಕೊಟ್ಟು ಬಂದ ಊರಿನವರು ನಾವು. ಅದು ಪಕ್ಕದಲ್ಲಿದೆ ಅಂತ ಈಗ ಓಡಿಹೋಗೋದು ಆಯಿಗೆ ಒಪ್ಪಿಗೆ ಇಲ್ಲ, ನನಗೂ ಇಲ್ಲ. ಡ್ರಿಲ್ ಅಂದ್ರೆ ಅಪಾಯ ಬಂತು ಅಂತ ಅಲ್ಲ, ಬಂದ್ರೆ ಏನು ಮಾಡಬೇಕು ಅಂತ ಮೊದಲೇ ಕಲಿಯೋದು. ಕೈಗಾ ಸುತ್ತಲಿನ ಹಳ್ಳಿಯವರಿಗೆ ಇಂಥ ಅಣಕು ಕಾರ್ಯಾಚರಣೆ ಹೊಸತಲ್ಲ. ಸೈರನ್ ಆದ್ರೆ ದೀಪ ಆರಿಸೋದು, ಕಿಟಕಿಗೆ ದಪ್ಪ ಬಟ್ಟೆ ಎಳೆಯೋದು, ಒಳಗಿನ ಕೋಣೆಗೆ ಹೋಗೋದು. ಆಯಿಯ ಮಂಚ ಈಗಾಗಲೇ ನಡುಮನೆಗೆ ಹಾಕಿದ್ದೇವೆ.

ಎಟಿಎಂ ವಿಷಯ ಸುಳ್ಳು. ಎರಡು ಮೂರು ದಿನ ಬಂದ್ ಅನ್ನೋ ಮೆಸೇಜು ಸುಳ್ಳು ಅಂತ ಕೇಂದ್ರ ಸರ್ಕಾರದ ಸುದ್ದಿ ವಿಭಾಗ ಪಿಐಬಿಯವರೇ ಹಾಕಿದ್ದಾರೆ. ಪೆಟ್ರೋಲು, ಗ್ಯಾಸು ಬೇಕಾದಷ್ಟಿದೆ, ಮುಗಿಬೀಳಬೇಡಿ ಅಂತ ಇಂಡಿಯನ್ ಆಯಿಲ್‌ನವರು ನಿನ್ನೆ ಹೇಳಿದ್ದಾರೆ. ಧಾರವಾಡದ ಪ್ರಲ್ಹಾದ ಜೋಶಿಯವರೇ ಆಹಾರ ಮಂತ್ರಿ, ಅವರೂ ಹೇಳಿದ್ದಾರೆ, ಅಕ್ಕಿಯೊಂದೇ 350 ಲಕ್ಷ ಟನ್ನಿನ ಮೇಲೆ ದಾಸ್ತಾನಿದೆ. ಇರಬೇಕಾದ ಮಟ್ಟಕ್ಕಿಂತ ಅದು ಎರಡು ಪಟ್ಟಿಗೂ ಹೆಚ್ಚು. ದಯವಿಟ್ಟು ಆ ಎಟಿಎಂ ಮೆಸೇಜು ಗ್ರೂಪಿನಿಂದ ತೆಗೆ.

ಇನ್ನು ಸಾಮಾನು ತುಂಬುವ ಮಾತು. ಇದನ್ನ ಸ್ವಲ್ಪ ನಿಧಾನಕ್ಕೆ ಕೇಳು, ನನ್ನ ಹೊಟ್ಟೆ ಉರೀತಿರೋದು ಇದಕ್ಕೇ.

ನಿನ್ನೆ ಸಂಜೆ ಕಿರಾಣಿ ಅಂಗಡಿಗೆ ಹೋಗಿದ್ದೆ. ಕಾರಿನಲ್ಲಿ ಬಂದವರೊಬ್ಬರು ಎಣ್ಣೆಯ ಹದಿನೈದು ಲೀಟರಿನ ಡಬ್ಬಿ ಒಂದರ ಮೇಲೊಂದು ಡಿಕ್ಕಿಯಲ್ಲಿ ಇಡಿಸ್ತಿದ್ರು, ತೊಗರಿಬೇಳೆ ಚೀಲವೇ ಎತ್ತಿಸಿದ್ರು. ಅವರ ಹಿಂದೆ ನಮಗೆ ಮೀನು ತರೋ ಅಕ್ಕ ನಿಂತಿದ್ದಳು. ಬುಟ್ಟಿ ಖಾಲಿ ಮಾಡಿಕೊಂಡು ಬಂದು, ಸೆರಗಿನ ಗಂಟು ಬಿಚ್ಚಿ ನೋಟು ತೆಗೆದು, ಒಂದು ಸಣ್ಣ ಪಾಕೀಟು ಎಣ್ಣೆ, ಅರ್ಧ ಕೆಜಿ ಬೇಳೆ ಕೇಳಿದಳು. ಸಣ್ಣ ಪಾಕೀಟು ಮುಗಿದಿದೆ ಅಂದ ಅಂಗಡಿಯವ. ಬೇಳೆಗೆ ಹಿಂದಿನ ವಾರಕ್ಕಿಂತ ಹೆಚ್ಚು ಹೇಳಿದ. ಅವಳು ಬೇಳೆ ಬಿಟ್ಟು ಕಾಲು ಕೆಜಿ ಹೆಸರುಕಾಳು ತಗೊಂಡು ಹೋದಳು. ನನ್ನ ಚೀಲದಿಂದ ಎಣ್ಣೆ ಕೊಡ್ತೇನೆ ಅಂದ್ರೂ ಬೇಡ ಅಂದಳು.

ತಮ್ಮಾ, ಇದು ಮೇ ತಿಂಗಳು ಅನ್ನೋದು ನೀನು ನೆನಪಿಡಬೇಕು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯೋ ಹಾಗಿಲ್ಲ. ಬೋಟಿನಲ್ಲಿ ದುಡಿಯುವವರು, ಬುಟ್ಟಿ ಹೊತ್ತು ಮಾರುವವರು, ಬೈತಕೋಲದ ಧಕ್ಕೆಯಲ್ಲಿ ಮೀನು ಆರಿಸುವವರು, ಇವರೆಲ್ಲ ಮಳೆಗಾಲದ ಅಕ್ಕಿ, ಬೇಳೆ, ಎಣ್ಣೆ ಕೊಳ್ಳೋದು ಈಗ, ಮೇ ಕೊನೆಯೊಳಗೆ, ಕೈಯಲ್ಲಿ ಕೊನೆಯ ಗಳಿಕೆ ಇರುವಾಗ. ನಮ್ಮಂಥವರು ಹೆದರಿಕೊಂಡು ಈಗ ಮೂರು ತಿಂಗಳದ್ದು ಎತ್ತಿಟ್ರೆ, ರೇಟು ಏರೋದು ಅವರು ಕೊಳ್ಳೋ ಈ ಎರಡು ಮೂರು ವಾರದಲ್ಲೇ. ಆಮೇಲೆ ರೇಟು ಇಳಿದ್ರೂ ಅವರಿಗೆ ಏನು ಬಂತು? ಜೂನ್ ತಿಂಗಳಲ್ಲಿ ಅವರ ಕೈಯಲ್ಲಿ ದುಡ್ಡಿರೋದಿಲ್ಲ. ಯುದ್ಧ ಆಗಲಿ ಬಿಡಲಿ, ಆ ಮನೆಗಳಲ್ಲಿ ಎರಡು ತಿಂಗಳು ಒಂದು ಹೊತ್ತಿನ ಊಟ ಕಡಿಮೆ ಆಗ್ತದೆ.

ನಾವು ಈ ವರ್ಷ ಮಾಡಿದ್ದು ಪ್ರತಿ ವರ್ಷದ ಮಳೆಗಾಲದ ತಯಾರಿ ಅಷ್ಟೇ, ಒಂದು ಸೇರೂ ಹೆಚ್ಚಿಲ್ಲ. ಅಕ್ಕಿ ಗದ್ದೆಯದ್ದು ಇದೆ. ಮಿಡಿ ಉಪ್ಪಿನಕಾಯಿ ಹಾಕಿ ಆಗಿದೆ. ಹಲಸಿನ ಸೊಳೆ ಉಪ್ಪಿನಲ್ಲಿ ಹಾಕಿದ್ದೇನೆ, ಹಪ್ಪಳ ಅಂಗಳದಲ್ಲಿ ಒಣಗ್ತಿದೆ, ಮುರುಗಲ ಸಿಪ್ಪೆಯೂ ಒಣಗ್ತಿದೆ. ಕುಮಟೆಯ ಸಿಹಿ ನೀರುಳ್ಳಿಯ ಎರಡು ಜಡೆ ಹೆದ್ದಾರಿ ಬದಿಯಲ್ಲಿ ಕೊಂಡು ಅಡುಗೆಮನೆಯ ಅಡ್ಡೆಗೆ ಕಟ್ಟಿದ್ದೇನೆ, ಒಂದಕ್ಕೊಂದು ತಾಗದ ಹಾಗೆ, ಗಾಳಿ ಆಡೋ ಹಾಗೆ. ಹಾಗೆ ಕಟ್ಟಿದ್ರೆ ಮಾತ್ರ ಅದು ಮಳೆಯಲ್ಲಿ ಕೊಳೆಯೋದಿಲ್ಲ. ಬಚ್ಚಲೊಲೆಗೆ ಮಡಲು, ಗೆರಟೆ, ಕಟ್ಟಿಗೆ ಕೊಟ್ಟಿಗೆಯಲ್ಲಿ ಪೇರಿಸಿದೆ. ಉಪ್ಪಂತೂ ನಿನ್ನ ಪಟ್ಟಿಯಲ್ಲಿ ನೋಡಿ ಆಶ್ಚರ್ಯ ಆಯ್ತು. ಸಾಣಿಕಟ್ಟೆಯಲ್ಲಿ ಉಪ್ಪು ಬೆಳೆಯುವ ಜಿಲ್ಲೆ ನಮ್ಮದು. 1930ರ ಏಪ್ರಿಲ್ 13ಕ್ಕೆ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾಯ್ದೆ ಮುರಿದ ಅಂಕೋಲೆ ಇಲ್ಲೇ ಪಕ್ಕದಲ್ಲಿದೆ. ಆ ಹೋರಾಟದಲ್ಲೇ ಬ್ರಿಟಿಷರಿಗೆ ಕರ ಕೊಡದೆ ನಿಂತ ಕಾಲದ್ದು ಇನ್ನೊಂದು ಮಾತು ಅಜ್ಜಿ ಹೇಳ್ತಿದ್ದಳು, ಶಿರಸಿಯ ಅಕ್ಕನಿಗೂ ನೆನಪಿರಬೇಕು. ಕರ ಕೊಡದವರ ಆಸ್ತಿ ಸರ್ಕಾರ ಜಪ್ತಿ ಮಾಡಿ ಹರಾಜು ಹಾಕಿದಾಗ, ಅಗ್ಗಕ್ಕೆ ಸಿಕ್ತು ಅಂತ ಕೊಂಡವರ ಮನೆ ಮುಂದೆ ಸಿದ್ದಾಪುರ ಸೀಮೆಯ ಹೆಂಗಸರು ಉಪವಾಸ ಕೂತ್ರು. ನೆರೆಯವನ ಕಷ್ಟದಲ್ಲಿ ಲಾಭ ಮಾಡಬಾರದು ಅಂತ ಅವರಿಗೆ ಯಾರೂ ಪುಸ್ತಕದಲ್ಲಿ ಕಲಿಸಿದ್ದಲ್ಲ.

ಹಾಗಂತ ನಮ್ಮ ಮನೆ ಯಾರ ಹಂಗೂ ಇಲ್ಲದೆ ನಡೀತದೆ ಅಂತ ನಾನು ಹೇಳೋದಿಲ್ಲ. ನೀನು ಕಳಿಸಿದ ಪಟ್ಟಿಯಲ್ಲಿ ಸ್ವಾವಲಂಬಿ ಮನೆ ಅಂತ ದೊಡ್ಡದಾಗಿ ಬರೆದಿದ್ದಾರೆ. ದೇಶಕ್ಕೆ ಬೇಕಾದ ಅಡುಗೆ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರ್ತದೆ, ಖಾದ್ಯ ತೈಲವೂ ಹಾಗೇ. 2022ರಲ್ಲಿ ಉಕ್ರೇನಿನಲ್ಲಿ ಯುದ್ಧ ಶುರುವಾದ ಕೂಡಲೇ ಇಲ್ಲಿ ಸೂರ್ಯಕಾಂತಿ ಎಣ್ಣೆ ರೇಟು ಹಾರಿದ್ದು, ಇಂಡೋನೇಷ್ಯಾ ಪಾಮ್ ಎಣ್ಣೆ ಕಳಿಸೋದು ನಿಲ್ಲಿಸಿದಾಗ ಇನ್ನೂ ಏರಿದ್ದು ನೆನಪಿದೆಯಲ್ಲ? ತೊಗರಿ ಮ್ಯಾನ್ಮಾರಿನಿಂದ, ಆಫ್ರಿಕಾದಿಂದ ಬರ್ತದೆ. ದೇಶದ ಮಾತು ಬಿಡು, ನಮ್ಮ ಕರಾವಳಿಯ ತರಕಾರಿ ಬಹುಪಾಲು ಘಟ್ಟದ ಮೇಲಿನದ್ದು. ಹುಬ್ಬಳ್ಳಿ, ಹಾವೇರಿ, ಬೆಳಗಾವಿ ಕಡೆಯ ಗಾಡಿ ಇಳೀದಿದ್ರೆ ಕಾರವಾರದ ಭಾನುವಾರದ ಸಂತೆಯೇ ಇಲ್ಲ. 2024ರ ಜುಲೈ 16ಕ್ಕೆ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದಾಗ ನೋಡಿದ್ವಲ್ಲ. ಅದರ ಬೆನ್ನಿಗೇ ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಆಗ ಎಷ್ಟು ದುಡ್ಡಿದ್ರೂ ಏನೂ ನಡೀಲಿಲ್ಲ. ನಡೆಸಿದ್ದು ಹತ್ತಿರದವರು: ಬಸಳೆ ಕಟ್ಟು ತಂದುಕೊಟ್ಟ ಹಾಲಕ್ಕಿ ಒಕ್ಕಲಿಗರ ಅಕ್ಕಂದಿರು, ಸುತ್ತುದಾರಿಯಲ್ಲಿ ಹೋಗಿ ಆಯಿಯ ಮಾತ್ರೆ ತಂದ ಪಕ್ಕದ ಮನೆ ಹುಡುಗ. ಅವರ ಹೊಟ್ಟೆ ತುಂಬಿದ್ರೆ ಮಾತ್ರ ನಾವೂ ಉಳೀತೇವೆ.

1965ರಲ್ಲಿ ಅಮೆರಿಕದ ಗೋಧಿಗೆ ಕೈಚಾಚಬೇಕಾಗಿದ್ದ ಹೊತ್ತಿನಲ್ಲಿ ಶಾಸ್ತ್ರೀಜಿ ವಾರಕ್ಕೆ ಒಂದು ಹೊತ್ತು ಊಟ ಬಿಡಿ ಅಂದ್ರು. ನಮ್ಮ ಮನೆಯಲ್ಲಿಯೂ ಸೋಮವಾರ ರಾತ್ರಿ ಒಲೆ ಹಚ್ಚುತ್ತಿರಲಿಲ್ಲ ಅಂತಾಳೆ ಆಯಿ. ಈಗ ಊಟ ಬಿಡುವ ಕಾಲ ಅಲ್ಲ, ಸರ್ಕಾರವೂ ಕೇಳಿಲ್ಲ. ಬೇಕಾದಷ್ಟೇ ಕೊಳ್ಳಿ ಅಂತ ಮಾತ್ರ ಕೇಳ್ತಿದ್ದಾರೆ. ಅಷ್ಟಾದ್ರೂ ಮಾಡೋಣ.

ನಿಜವಾಗಿ ತಯಾರಿ ಬೇಕಾದ್ದು ಎರಡು ಕಡೆ ತಮ್ಮಾ, ನೀರು ಮತ್ತು ಔಷಧ. ಕಾಳಿ ನದಿಯ ಅಣೆಕಟ್ಟು, ಕೈಗಾದ ನಾಲ್ಕು ಘಟಕ, ಇಷ್ಟೆಲ್ಲ ಕರೆಂಟು ಇಲ್ಲೇ ಹುಟ್ಟಿದ್ರೂ ತಂತಿ ಮೇಲೆ ಒಂದು ಟೊಂಗೆ ಬಿದ್ರೆ ನಮ್ಮ ಪಂಪು ನಿಲ್ತದೆ. ಬಾವಿಗೆ ರಾಟೆ ಮತ್ತೆ ಕೂರಿಸಿದ್ದೇವೆ, ಹೊಸ ಹಗ್ಗ ಹಾಕಿದ್ದೇವೆ. ನಮ್ಮನೆಯವರು ದಿನಾ ಬೆಳಗ್ಗೆ ನಾಲ್ಕು ಕೊಡ ಕೈಯಲ್ಲೇ ನೀರು ಸೇದ್ತಾರೆ, ರೂಢಿ ತಪ್ಪಬಾರದು ಅಂತ. ಕರೆಂಟು ಇಲ್ಲದಾಗ ಪಕ್ಕದ ಮೂರು ಮನೆಯವರೂ ಇಲ್ಲಿಗೇ ಬರಲಿ ಅಂತ ಹೇಳಿಟ್ಟಿದ್ದೇನೆ.

ಆಯಿಯ ಇನ್ಸುಲಿನ್ ಒಂದು ತಿಂಗಳದ್ದು ತಂದಿಟ್ಟಿದ್ದೇನೆ. ಔಷಧ ಮಾತ್ರ ಮುಂಚೆ ತಂದಿಡೋದು ತಪ್ಪಲ್ಲ, ಆದರೆ ಅದೂ ಒಂದೇ ತಿಂಗಳದ್ದು, ಇನ್ನೊಬ್ಬರಿಗೂ ಬೇಕಲ್ಲ. ಫ್ರಿಜ್ ನಿಂತ್ರೆ ಏನು ಮಾಡೋದು ಅಂತ ಡಾಕ್ಟರನ್ನ ಕೇಳಿದೆ. ತೆರೆದ ಬಾಟಲಿ 30 ಡಿಗ್ರಿ ಒಳಗಿದ್ರೆ ಹೊರಗೂ ಸುಮಾರು ನಾಲ್ಕು ವಾರ ಇರ್ತದೆ, ಆದರೆ ಮೇ ತಿಂಗಳ ನಮ್ಮ ಸೆಕೆಗೆ ಹಾಗೇ ಇಡಬೇಡಿ ಅಂದ್ರು. ಅದಕ್ಕೆ ದೊಡ್ಡ ಮಡಿಕೆಯೊಳಗೆ ಸಣ್ಣ ಮಡಿಕೆ ಇಟ್ಟು, ನಡುವೆ ಮರಳು ತುಂಬಿ ನೀರು ಹಾಕಿ, ಮೇಲೆ ಒದ್ದೆ ಬಟ್ಟೆ ಮುಚ್ಚಿ, ಗಾಳಿ ಬರೋ ಮೂಲೆಯಲ್ಲಿ ಇಟ್ಟು ನೋಡಿದ್ದೇನೆ. ಬಾಟಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಇಡಬೇಕು, ನೀರು ತಾಗಬಾರದು. ಕೈ ಹಾಕಿದ್ರೆ ತಂಪು ಗೊತ್ತಾಗ್ತದೆ. ಲಾಕ್‌ಡೌನಿನಲ್ಲಿ ಮಾಜಾಳಿ ಗಡಿ ಬಂದ್ ಆಗಿ ಗೋವಾದ ಆಸ್ಪತ್ರೆಗೆ ಹೋಗಲಾರದೆ ನಮ್ಮ ಜನ ಎಷ್ಟು ಒದ್ದಾಡಿದ್ರು ಅಂತ ಎಲ್ಲರಿಗೂ ಗೊತ್ತು. ದೊಡ್ಡ ಆಸ್ಪತ್ರೆ ಬೇಕು ಅಂತ ಈ ಜಿಲ್ಲೆ 2019ರಿಂದ ಕೂಗ್ತಾ ಇದೆ. ಅದು ಬರೋವರೆಗೆ ಇಂಥದ್ದನ್ನ ನಾವೇ ನೋಡಿಕೊಳ್ಳಬೇಕು.

ಮಕ್ಕಳಿಗೆ ಒಂದು ಮಾತು. ಕಡಲದಂಡೆಯಿಂದ ನೌಕಾಪಡೆಯ ಹಡಗು ಕಂಡ್ರೆ ವಿಡಿಯೋ ಮಾಡಿ ಸ್ಟೇಟಸ್ ಹಾಕಬೇಡಿ. ಟಿವಿಯವರಿಗೇ ಸೇನೆಯ ಚಲನವಲನ ನೇರ ಪ್ರಸಾರ ಮಾಡಬೇಡಿ ಅಂತ ಸರ್ಕಾರ ಹೇಳಿದೆ, ನಮಗೂ ಅದೇ. ಸುದ್ದಿ ಬೇಕಿದ್ರೆ ಆಕಾಶವಾಣಿ ಕೇಳಿ. ಸೆಲ್ಲು ಹಾಕಿದ ರೇಡಿಯೋ ಒಂದು ಮನೆಯಲ್ಲಿರಲಿ. 112, 108 ಗೋಡೆ ಮೇಲೆ ದೊಡ್ಡದಾಗಿ ಬರೆದಿಡಿ, ಆಯಿಗೂ ಕಾಣೋ ಹಾಗೆ.

ತಮ್ಮಾ, ನೀನು ಸಾಮಾನಿಗೆ ಅಂತ ಹತ್ತು ಸಾವಿರ ಹಾಕ್ತೇನೆ ಅಂದಿದ್ದೀಯಲ್ಲ, ಹಾಕು. ದುಬೈಯ ಭಾವನೂ ಆದಷ್ಟು ಸೇರಿಸಲಿ. ಅದರಲ್ಲಿ ನಮ್ಮ ಮನೆಗೆ ಒಂದು ಕಾಳೂ ತರೋದಿಲ್ಲ. ಅಂಗಡಿಯವನ ಜೊತೆ ಮಾತಾಡಿದ್ದೇನೆ. ನಮ್ಮ ಕೇರಿಯ ಏಳೆಂಟು ಮೀನುಗಾರ ಮನೆಯವರು ಮಳೆಗಾಲದ ಸಾಮಾನು ಕೊಳ್ಳುವಾಗ ಹಿಂದಿನ ವಾರದ ರೇಟಿಗೇ ಕೊಡ್ತಾನೆ, ವ್ಯತ್ಯಾಸ ನಾವು ಕಟ್ಟಬೇಕು. ಅವರಿಗೆ ನಮ್ಮ ಹೆಸರು ಹೇಳೋದು ಬೇಡ ಅಂತಲೂ ಹೇಳಿದ್ದೇನೆ, ನಿನ್ನೆ ಆ ಅಕ್ಕನ ಮುಖ ನೋಡಿದ ಮೇಲೆ ಅದು ಬೇಡ ಅನಿಸ್ತು. ಸೋಮವಾರದೊಳಗೆ ದುಡ್ಡು ಬಂದ್ರೆ ಒಳ್ಳೇದು, ಅವನೂ ಹೊಸ ಮಾಲಿಗೆ ಹುಬ್ಬಳ್ಳಿಗೆ ಹೇಳಬೇಕು.

ಶಿರಸಿಯ ಅಕ್ಕಾ, ನಿನ್ನ ಯಜಮಾನರ ಬಿಪಿ ಮಾತ್ರೆ ಚೀಟಿಯ ಫೋಟೊ ಇವತ್ತೇ ಗ್ರೂಪಿಗೆ ಹಾಕು. ಆ ಕಂಪನಿಯದ್ದು ಅಲ್ಲಿ ಸಿಗ್ತಿಲ್ಲ ಅಂದಿದ್ದೆಯಲ್ಲ, ಇಲ್ಲಿ ಸಿಕ್ರೆ ನಾಳೆ ಸಂತೆಗೆ ಬಂದ ನಿಮ್ಮೂರಿನ ಗಾಡಿಯವರ ಕೈಯಲ್ಲಿ ಕಳಿಸ್ತೇನೆ.