ಪದ ಬೇಕು: ಡಿಸ್ಟೋಪಿಯಾಕ್ಕೆ ಕನ್ನಡದಲ್ಲಿ ಏನನ್ನೋಣ? (ಸಂಜೆಯೊಳಗೆ)

ಅಡಿಬರಹದವ:
ಎಲ್ಲರಿಗೂ ನಮಸ್ಕಾರ. ಒಂದು ಸಿನಿಮಾ ಸರಣಿಗೆ ಪೋಸ್ಟರ್ ಮತ್ತು ಒಂದು ಪುಟದ ಪರಿಚಯ ಬರೆಯುತ್ತಿದ್ದೇನೆ. 1927ರ 'ಮೆಟ್ರೊಪೊಲಿಸ್'ನಿಂದ 2006ರ 'ಚಿಲ್ಡ್ರನ್ ಆಫ್ ಮೆನ್'ವರೆಗೆ, ಎಲ್ಲವೂ ಡಿಸ್ಟೋಪಿಯಾ ಚಿತ್ರಗಳೇ, ಅಂದರೆ ಬದುಕೇ ಉಸಿರುಗಟ್ಟಿಸುವ ಕಲ್ಪಿತ ಸಮಾಜಗಳ ಕತೆಗಳು. ಸಂಜೆ ಅಚ್ಚಿಗೆ ಹೋಗಬೇಕು. ನನಗೆ ತೋಚಿದ್ದು ದುರ್ರಾಜ್ಯ, ದುರ್ನಾಡು, ನರಕಲೋಕ. ಕೊನೆಯದು ಪುರಾಣದ ಸಿನಿಮಾ ಥರ ಕೇಳಿಸುತ್ತದೆ. ತಲೆಬರಹ ದಪ್ಪಕ್ಷರದಲ್ಲಿ ಬರುವುದರಿಂದ ಪದ ಚಿಕ್ಕದಿದ್ದರೆ ಒಳ್ಳೆಯದು. ದಯವಿಟ್ಟು ಬೇಗ ಹೇಳಿ.

ಹಳೆಯ ಮೇಷ್ಟ್ರು:
'ದುರ್ನಾಡು' ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಬೆರೆಸಿದ್ದು. ಬಿಡಿ. 'ದುರ್ರಾಜ್ಯ'ದಲ್ಲಿ ಸಂಧಿಯೇ ತಪ್ಪು. ರೇಫದ (ರಕಾರದ) ಮುಂದೆ ರೇಫ ಬಂದರೆ ಮೊದಲನೆಯದು ಬಿದ್ದುಹೋಗಿ ಹಿಂದಿನ ಸ್ವರ ದೀರ್ಘವಾಗುತ್ತದೆ. ನೀರಸ, ನೀರೋಗ ನೋಡಿ. ಆ ಪ್ರಕಾರ 'ದೂರಾಜ್ಯ' ಆಗಬೇಕು.

ಕರಡು ತಿದ್ದುವವ:
ಮೇಷ್ಟ್ರೇ, 'ದೂರಾಜ್ಯ' ಅಂತ ಪೋಸ್ಟರ್ ಮೇಲೆ ಹಾಕಿದರೆ ದೂರ + ಆಜ್ಯ ಅಂತ ಬಿಡಿಸಿಕೊಂಡಾರು. ಸವರ್ಣದೀರ್ಘ, ವ್ಯಾಕರಣಬದ್ಧವೇ. ದೂರದಲ್ಲಿರುವ ತುಪ್ಪದ ಮೇಲೊಂದು ಸಿನಿಮಾ ಸರಣಿ! ಇನ್ನು ಅರಿಸಮಾಸ ಅಂತ ಹೆದರಿಸಬೇಡಿ. ಬಿರುದುಗಳಲ್ಲಿ ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನೇ ವಿನಾಯಿತಿ ಕೊಟ್ಟಿದ್ದಾನೆ.

ಹಳೆಯ ಮೇಷ್ಟ್ರು:
ಪೋಸ್ಟರ್ ಬಿರುದಲ್ಲ. ಓದುಗರ ದಡ್ಡತನಕ್ಕೆ ಪಾಣಿನಿ ಹೊಣೆಯೂ ಅಲ್ಲ.

ಅಚ್ಚಗನ್ನಡ:
ಇಷ್ಟಕ್ಕೂ ಸಂಸ್ಕೃತದ ಬಾಗಿಲಿಗೇ ಯಾಕೆ ಹೋಗಬೇಕು? 'ಕೇಡುನಾಡು' ಇದೆಯಲ್ಲ. ಪಡು-ಪಾಡು, ಬಿಡು-ಬೀಡು ಆದ ಹಾಗೆ ಕೆಡು-ಕೇಡು. ಅದರ ಎದುರು ಪದ ಯುಟೋಪಿಯಾಕ್ಕೆ 'ನಲ್ನಾಡು' (ಒಳ್ಳೆಯ ನಾಡು) ಅನ್ನಿ, ಜೋಡಿಯೂ ಸಿಕ್ಕಿತು. ಮಹಾಪ್ರಾಣ ಇಲ್ಲ, ವಿಸರ್ಗ ಇಲ್ಲ. ಇದಕ್ಕಿಂತ ಜಾಸ್ತಿ ಚರ್ಚೆ ಬೇಕಿಲ್ಲ.

ಹಳೆಯ ಮೇಷ್ಟ್ರು:
ಬೇಕು. ಡಿಸ್ಟೋಪಿಯಾದ ಮೊದಲರ್ಧವಾದ ಗ್ರೀಕಿನ 'ದುಸ್' (ಕೆಟ್ಟ) ಮತ್ತು ದುಷ್ಕಾಲ, ದುರ್ಗತಿಗಳಲ್ಲಿರುವ 'ದುಸ್' ಒಂದೇ ಬೇರಿನವು. ಅಣ್ಣತಮ್ಮಂದಿರು ಅಂದರೂ ಸರಿ. ಮೂಲಪದದ ಮೊದಲರ್ಧ ನಮ್ಮ ಮನೆಯಲ್ಲೇ ಇರುವಾಗ ಅದನ್ನು ಬಿಟ್ಟು ಬೇರೆ ಹುಡುಕುವುದು ಯಾವ ಜಾಣತನ? 'ದೂರಾಜ್ಯ' ಗಂಟಲಿಗೆ ಸಿಕ್ಕಿಕೊಂಡರೆ 'ದುಃಸ್ಥಾನ' ಅನ್ನಿ. ಉಳಿದರ್ಧದ ಟೋಪೋಸ್ ಅಂದರೂ ಸ್ಥಾನವೇ.

ಕರಡು ತಿದ್ದುವವ:
ದುಃಸ್ಥಾನ ಅಂದರೆ ಜಾತಕದ 6, 8, 12ನೇ ಮನೆ. ಆ ಪದಕ್ಕೆ ಆಗಲೇ ಬೇರೆ ಕೆಲಸ ಇದೆ.

ಅಡಿಬರಹದವ:
ಸರ್, ಮೇಡಂ, ಯಾರಾದರೂ ಒಂದು ತೀರ್ಮಾನಕ್ಕೆ ಬನ್ನಿ. ಪ್ರೆಸ್ಸಿನವರು ಆಗಲೇ ಎರಡು ಸಲ ಫೋನ್ ಮಾಡಿದರು.

ಅನುವಾದಕಿ:
ಮೇಷ್ಟ್ರೇ, ನಿಮ್ಮ ಸಂಧಿಯ ಬಗ್ಗೆ ತಕರಾರಿಲ್ಲ. ಆದರೆ ನೀವಿಬ್ಬರೂ ಪದವನ್ನು ಸೀಳಿ ನೋಡುತ್ತಿದ್ದೀರಿ, ಅದು ಯಾವ ಕತೆಗಳಿಗೆ ಅಂಟಿಕೊಂಡಿದೆ ಅಂತ ನೋಡುತ್ತಿಲ್ಲ.

1516ರಲ್ಲಿ ಥಾಮಸ್ ಮೋರ್ ಯುಟೋಪಿಯಾ ಎನ್ನುವ ಹೆಸರು ಕಟ್ಟಿದಾಗ ಅದರ ಅರ್ಥ 'ಎಲ್ಲೂ ಇಲ್ಲದ ಜಾಗ'. ಒಳ್ಳೆಯ ಜಾಗ ಎನ್ನುವುದು ಅದರ ಮೇಲೆ ಅವನೇ ಆಡಿದ ಶ್ಲೇಷೆ. ಹಾಗಾಗಿ 'ನಲ್ನಾಡು' ಶ್ಲೇಷೆಯನ್ನು ಮಾತ್ರ ಹಿಡಿಯುತ್ತದೆ, 'ಇಲ್ಲ' ಎನ್ನುವುದನ್ನು ಬಿಡುತ್ತದೆ. 1868ರಲ್ಲಿ ಜಾನ್ ಸ್ಟುವರ್ಟ್ ಮಿಲ್ ಬ್ರಿಟಿಷ್ ಸಂಸತ್ತಿನಲ್ಲಿ ಐರ್ಲೆಂಡಿನ ವಿಷಯ ಮಾತಾಡುತ್ತಾ ಎದುರು ಪಕ್ಷದವರನ್ನು ಡಿಸ್ಟೋಪಿಯನ್ನರು ಅಂತ ಕರೆದ. ಯುಟೋಪಿಯಾ ಜಾರಿಗೆ ಬರಲಾರದಷ್ಟು ಒಳ್ಳೆಯದಾದರೆ, ಇವರು ಬಯಸುವುದು ಜಾರಿಗೆ ಬರಲಾರದಷ್ಟು ಕೆಟ್ಟದ್ದು ಎನ್ನುವ ಕುಟುಕು. ಕತೆ, ಸಿನಿಮಾದ ಅರ್ಥ ಆಮೇಲೆ ಬಂತು.

'ಕೇಡುನಾಡು' ಅಂದಾಗ ನನ್ನ ಕಣ್ಣಿಗೆ ಬರ, ಪಿಡುಗು, ಲೂಟಿ ಬರುತ್ತದೆ. ಈ ಕತೆಗಳಲ್ಲಿ ಅದು ಯಾವುದೂ ಇರಬೇಕಾಗಿಲ್ಲ. ಬೀದಿ ಗುಡಿಸಿರುತ್ತದೆ, ಊಟ ಹೊತ್ತಿಗೆ ಸಿಗುತ್ತದೆ. ಜಮ್ಯಾಟಿನ್ 1920ರ ಸುಮಾರಿಗೆ ಬರೆದ 'ನಾವು' ಕಾದಂಬರಿಯನ್ನೇ ನೋಡಿ. ಯಾರಿಗೂ ಹೆಸರಿಲ್ಲ, ಒಂದು ಅಕ್ಷರ ಮತ್ತು ಒಂದು ಸಂಖ್ಯೆ ಅಷ್ಟೆ. ಮನೆಗಳ ಗೋಡೆ ಗಾಜಿನದು. ಪರದೆ ಇಳಿಸಬೇಕಾದರೆ ಗುಲಾಬಿ ಬಣ್ಣದ ಚೀಟಿ ತೋರಿಸಬೇಕು, ಅದೂ ಗೊತ್ತು ಮಾಡಿದ ಹೊತ್ತಿಗೆ ಮಾತ್ರ. ಕತೆ ಹೇಳುವವನಿಗೆ ಶುರುವಿನಲ್ಲಿ ಇದೆಲ್ಲ ತುಂಬಾ ಹಿತವಾಗಿಯೇ ಇದೆ! ಹಕ್ಸ್ಲಿಯ 1932ರ ಕಾದಂಬರಿಯಲ್ಲಿ ಲಾಠಿಗಿಂತ ಮಾತ್ರೆಗೆ ಜಾಸ್ತಿ ಕೆಲಸ, ಮನಸ್ಸು ಸರಿಯಿಲ್ಲ ಅಂದರೆ ನುಂಗಬೇಕು. ಬ್ರಾಡ್‌ಬರಿಯ 1953ರ ಕತೆಯಲ್ಲಿ ಬೆಂಕಿ ಆರಿಸಬೇಕಾದ ಸಿಬ್ಬಂದಿಯೇ ಪುಸ್ತಕ ಸುಡುತ್ತಾರೆ, ಆದರೆ ಜನ ಅದಕ್ಕೂ ಮುಂಚೆಯೇ ತಾವಾಗಿ ಓದು ಬಿಟ್ಟಿದ್ದರು.

ಇವನ್ನು ಅರಾಜಕತೆ ಅನ್ನಲಾಗದು. ರಾಜಕತೆಯೇ ಅತಿಯಾದದ್ದು. ಪ್ರಳಯವೂ ಅಲ್ಲ, ಪ್ರಳಯದ ಸಿನಿಮಾಗಳದ್ದು ಬೇರೆ ಗುಂಪು. ನನ್ನ ಮಟ್ಟಿಗೆ ಪೋಸ್ಟರ್ ಮೇಲೆ 'ಡಿಸ್ಟೋಪಿಯಾ' ಇರಲಿ. ಒಳಗೆ ಬಿಡಿಸಿ ಹೇಳಿ.

ಅಚ್ಚಗನ್ನಡ:
ಅಂದರೆ ಗೊತ್ತಿದ್ದವರಿಗೆ ಮಾತ್ರ ಗೊತ್ತಾಗಲಿ ಅಂತ. 'ಡಿಸ್ಟೋಪಿಯಾ' ನೋಡಿದವನಿಗೆ ಅದು ಔಷಧಿಯೋ ಕಾಯಿಲೆಯೋ ಅಂತ ಗೊತ್ತಾಗುವುದಿಲ್ಲ. 'ಕೇಡುನಾಡು' ಶಾಲೆ ಮಗುವಿಗೂ ಹೊಳೆಯುತ್ತದೆ. ಮೊದಲ ದಿನವೇ ಯಾವ ಪದವೂ ಪೂರ್ತಿ ಅರ್ಥ ಹೊತ್ತು ಬರುವುದಿಲ್ಲ ಮೇಡಂ, ಬಳಸುತ್ತಾ ಬಳಸುತ್ತಾ ತುಂಬಿಕೊಳ್ಳುತ್ತದೆ. ಕನ್ನಡಕ್ಕೆ ಆ ಅವಕಾಶವನ್ನೇ ನೀವು ಕೊಡುವುದಿಲ್ಲ. ಕವಿ ಆಂಡಯ್ಯ 13ನೇ ಶತಮಾನದಲ್ಲೇ ತತ್ಸಮ ಬಿಟ್ಟು ಇಡೀ ಕಾವ್ಯ ಬರೆದ. ನಮಗೆ ಒಂದು ಪೋಸ್ಟರ್ ಆಗುವುದಿಲ್ಲವೇ?

ಕರಡು ತಿದ್ದುವವ:
ತತ್ಸಮ ಬಿಟ್ಟ, ತದ್ಭವ ಬಿಟ್ಟನೇ? ಅವನ 'ಕಬ್ಬಿಗರ ಕಾವ'ದಲ್ಲಿ ಕಬ್ಬ ಬಂದದ್ದು ಎಲ್ಲಿಂದ? ಕಾವ್ಯದಿಂದ. ಅದಿರಲಿ, ನಿಮ್ಮ ಮೊದಲ ಪತ್ರದಲ್ಲೇ 'ಜಾಸ್ತಿ' ಇದೆ. ಅರಬ್ಬಿ, ಪಾರಸಿ ದಾಟಿ ಬಂದ ಪದ.

ಅಚ್ಚಗನ್ನಡ:
'ಜಾಸ್ತಿ' ಬಂದು ಕಾಲವಾಯಿತು. ಒಗ್ಗಿದೆ.

ಕರಡು ತಿದ್ದುವವ:
ಹಾಗಾದರೆ ಡಿಸ್ಟೋಪಿಯಾಕ್ಕೂ ಸ್ವಲ್ಪ ಕಾಲ ಕೊಡಿ.

ಹಳೆಯ ಮೇಷ್ಟ್ರು:
ಆರ್ವೆಲ್ಲನ 1949ರ ಕಾದಂಬರಿ ಓದಿದವರು ಇಲ್ಲಿ ಎಷ್ಟು ಜನ? ಅಲ್ಲಿ ಸರ್ಕಾರವೇ ನಿಘಂಟು ಮಾಡಿಸುತ್ತದೆ. ಪ್ರತಿ ಆವೃತ್ತಿಯಲ್ಲೂ ಪದಗಳು ಕಡಿಮೆಯಾಗುತ್ತಾ ಹೋಗುತ್ತವೆ. ಪದ ಕಿತ್ತುಹಾಕುವುದೇ ಸೊಗಸು ಅಂತ ಹೇಳುವ ಒಬ್ಬ ಪಂಡಿತನೂ ಇದ್ದಾನೆ. ಸಂಸ್ಕೃತ ಬೇಡ, ಮಹಾಪ್ರಾಣ ಬೇಡ, ವಿಸರ್ಗ ಬೇಡ ಎನ್ನುವವರು ಅವನನ್ನು ಒಮ್ಮೆ ಭೇಟಿಯಾಗಿ ಬರಲಿ.

ಅಚ್ಚಗನ್ನಡ:
ಓದಿದ್ದೇನೆ ಮೇಷ್ಟ್ರೇ, ಚೆನ್ನಾಗಿಯೇ ಓದಿದ್ದೇನೆ. ಅದೇ ನಿಘಂಟಿನಲ್ಲಿ 'ಕೆಟ್ಟದ್ದು' ಎನ್ನುವ ಪದ ತೆಗೆದು, 'ಒಳ್ಳೆಯದು' ಎನ್ನುವುದಕ್ಕೇ ಮುಂದೊಂದು ಉಪಸರ್ಗ ಅಂಟಿಸುತ್ತಾರೆ. ಒಂದೇ ಉಪಸರ್ಗ, ಎಲ್ಲ ಕಡೆಗೂ. ಬೆಳಗಿನಿಂದ ಎಲ್ಲದಕ್ಕೂ 'ದುಸ್' ಅಂಟಿಸುತ್ತಿರುವವರು ಯಾರು?

ಹಳೆಯ ಮೇಷ್ಟ್ರು:
ಇದಕ್ಕೆ ಉತ್ತರ ಕೊಡುವುದು ನನ್ನ ಘನತೆಗೆ ತಕ್ಕದ್ದಲ್ಲ.

ಅನುವಾದಕಿ:
ಇಬ್ಬರೂ ಒಂದೇ ಪುಟದಿಂದ ಜಗಳ ಆಡುತ್ತಿದ್ದೀರಿ, ಸಂತೋಷ. ಕೇಳಿದವರಿಗೆ ಇನ್ನೂ ಪದ ಸಿಕ್ಕಿಲ್ಲ. ಅಚ್ಚಗನ್ನಡದವರೇ, ನಿಮ್ಮ ಕೇಡು ನನಗೆ ಇಷ್ಟವೇ. ಅದು ತಾನಾಗಿ ಬಂದ ಕೇಡಲ್ಲ, ಕಾನೂನು ಮಾಡಿ ತಂದದ್ದು ಅಂತ ಗೊತ್ತಾಗಬೇಕು, ಅಷ್ಟೆ. 'ಕಟ್ಟುಪಾಡು', 'ಕಟ್ಟಳೆ', ಈ ಕಡೆ ಹುಡುಕಿ. ಒಂದೇ ಪದದಲ್ಲಿ ಆಗದಿದ್ದರೆ ನಾಲ್ಕು ಪದ ಬಳಸಿ, ಯಾರೂ ಬೇಡ ಅನ್ನುವುದಿಲ್ಲ.

ಅಡಿಬರಹದವ:
ಅಚ್ಚಿಗೆ ಹೋಯಿತು. ದಪ್ಪಕ್ಷರದಲ್ಲಿ 'ಡಿಸ್ಟೋಪಿಯಾ'. ಕೆಳಗೆ 'ಕೇಡನ್ನೇ ಕಟ್ಟಳೆ ಮಾಡಿಕೊಂಡ ನಾಡುಗಳು'. ಪರಿಚಯದಲ್ಲಿ ಎರಡು ಕಡೆ 'ಕೇಡುನಾಡು' ಬಳಸಿದ್ದೇನೆ, ಸಂದರ್ಭದಲ್ಲಿ ಸರಿಯಾಗಿಯೇ ಕೂತಿದೆ. ಎಲ್ಲರಿಗೂ ವಂದನೆ.

ಅಚ್ಚಗನ್ನಡ:
ಎರಡು ಕಡೆ ಬಂತಲ್ಲ. ಸದ್ಯಕ್ಕೆ ಸಾಕು.

ಹಳೆಯ ಮೇಷ್ಟ್ರು:
ಕೊನೆಗೆ ದೀರ್ಘ ಯಾಕೆ? 'ಡಿಸ್ಟೋಪಿಯ' ಅಂದರೆ ಸಾಲದೇ?

ಕರಡು ತಿದ್ದುವವ:
ಇಂಡಿಯಾ, ಮಲೇರಿಯಾ ಅಂತ ದೀರ್ಘ ಹಾಕಿಯೇ ಬರೆಯುತ್ತೇವಲ್ಲ. ಆ ವಾದಕ್ಕೆ ಬೇರೆ ಎಳೆ ತೆರೆಯಿರಿ ಮೇಷ್ಟ್ರೇ.