ಎರಡು ದಾಟಿದ ಮಗನಿಗೆ ಮಾತು ಕಮ್ಮಿ: ಈಗಲೇ ತೋರಿಸಬೇಕಾ, ಕಾಯಬೇಕಾ?

ಪ್ರಶ್ನೆ, ತುಮಕೂರಿನಿಂದ:

ಮಗನಿಗೆ 2 ವರ್ಷ 2 ತಿಂಗಳು. ಅಮ್ಮ, ತಾತ, ಬೌಬೌ, ಟಾಟಾ ಹೀಗೆ ಏಳೆಂಟು ಮಾತು ಬಿಟ್ಟರೆ ಬೇರೆ ಇಲ್ಲ. ಏನಾದರೂ ಬೇಕಿದ್ದರೆ ನನ್ನ ಕೈ ಹಿಡಿದು ಎಳೆದುಕೊಂಡು ಹೋಗುತ್ತಾನೆ. ಹೆಸರು ಕರೆದರೆ ಒಂದೊಂದು ಸಲ ತಿರುಗುತ್ತಾನೆ, ಒಂದೊಂದು ಸಲ ಇಲ್ಲ. ಓಡಾಟ ಎಲ್ಲ ಚೆನ್ನಾಗಿದೆ. ಅತ್ತೆ "ಇವರಪ್ಪನಿಗೂ ಮೂರಕ್ಕೇ ಮಾತು ಬಂದಿದ್ದು" ಅಂತಾರೆ, ದಿನಾ ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾರೆ. ನಮ್ಮ ಡಾಕ್ಟರೂ ಮೂರು ತುಂಬಲಿ ನೋಡೋಣ ಅಂದರು. ಏನು ಮಾಡಲಿ? ಅನುಭವ ಇದ್ದವರು ಹೇಳಿ.

ಮಂಡ್ಯದಿಂದ:

ತೋರಿಸಿ. ಮೂರರವರೆಗೆ ಕಾಯಬೇಡಿ. ತೋರಿಸಿದ ಮಾತ್ರಕ್ಕೆ ಮಗುವಿಗೆ ಏನೋ ಇದೆ ಅಂತ ಒಪ್ಪಿಕೊಂಡ ಹಾಗಲ್ಲ. ಏನೂ ಇಲ್ಲ ಅಂದರೆ ಒಂದು ದಿನದ ರಜೆ, ಬಸ್ ಚಾರ್ಜು ಹೋಯಿತು, ಅಷ್ಟೇ ಅಲ್ವಾ? ಇದ್ದರೆ ಈ ಹತ್ತು ತಿಂಗಳು ಮಗುವಿಗೆ ಸಿಕ್ಕಿತು. ಕಾಯಲೇಬೇಕು ಅಂದರೂ ಅಪಾಯಿಂಟ್‌ಮೆಂಟ್ ತಗೊಂಡು ಕಾಯಿರಿ, ಹೇಗೂ ಅದು ನಾಳೆಗೇ ಸಿಗುವುದಿಲ್ಲ.

ನನ್ನ ಮಗಳಿಗೂ ಮಾತು ತಡ ಆಗಿತ್ತು, ಈಗ ಎರಡನೇ ಕ್ಲಾಸು. ಆಗ ಥೆರಪಿಸ್ಟ್ ನನಗೆ ಹೇಳಿದ ಲೆಕ್ಕ ಇದು: ಒಂದು ವರ್ಷಕ್ಕೆ ಬಬಬ ದದದ ಅನ್ನುವುದೂ ಇಲ್ಲ, ಬೆರಳು ತೋರಿಸುವುದೂ ಇಲ್ಲ ಅಂದರೆ, 16 ತಿಂಗಳಿಗೆ ಒಂದು ಪದವೂ ಬರದಿದ್ದರೆ, ಎರಡು ವರ್ಷಕ್ಕೆ "ಅಮ್ಮ ಬಾ", "ಹಾಲು ಬೇಕು" ಅಂತ ತಾನಾಗಿ ಎರಡು ಪದ ಸೇರಿಸದಿದ್ದರೆ ತೋರಿಸಬೇಕು. ಇನ್ನೊಂದು, ಬಂದಿದ್ದ ಮಾತು ಅಥವಾ ಆಟ ಹೊರಟುಹೋದರೆ ವಯಸ್ಸು ಎಷ್ಟೇ ಇರಲಿ, ಆ ವಾರವೇ ಹೋಗಬೇಕು. ನಿಮ್ಮ ಮಗ ಎರಡು ಪದ ಸೇರಿಸುತ್ತಿಲ್ಲ, ಹೋಗಲು ಅಷ್ಟೇ ಸಾಕು.

ಆದರೆ ಪದ ಎಣಿಸುತ್ತಾ ಕೂರಬೇಡಿ. ಎಷ್ಟು ಅರ್ಥ ಆಗುತ್ತೆ ಅನ್ನುವುದು ಅದಕ್ಕಿಂತ ದೊಡ್ಡದು. ಕೈಸನ್ನೆ ಮಾಡದೆ, ಆ ಕಡೆ ನೋಡದೆ "ಚಪ್ಪಲಿ ತಗೊಂಡು ಬಾ" ಅನ್ನಿ, ತರುತ್ತಾನಾ ನೋಡಿ. ಕಾಂಪೌಂಡಿನ ಮೇಲೆ ಕಾಗೆ ಕೂತರೆ ಬೆರಳು ಮಾಡಿ ತೋರಿಸಿ, ನೀವೂ ನೋಡಿದಿರಾ ಅಂತ ನಿಮ್ಮ ಮುಖ ನೋಡುತ್ತಾನಾ? ಕೈ ಎಳೆದುಕೊಂಡು ಹೋಗಿ ಫ್ರಿಜ್ ಮುಂದೆ ನಿಲ್ಲಿಸುವುದು ಬೇರೆ, ಇದು ಬೇರೆ. ಇಂಥದ್ದನ್ನೆಲ್ಲ ಮೊಬೈಲಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಮಕ್ಕಳು ಅಮ್ಮನ ಸೆರಗು ಬಿಡುವುದಿಲ್ಲ, ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ.

ಎಲ್ಲಕ್ಕಿಂತ ಮೊದಲು ಕಿವಿ ಟೆಸ್ಟ್. ಬಾಗಿಲು ಬಡಿದರೆ ತಿರುಗುತ್ತಾನೆ, ಕೇಳುತ್ತೆ ಅಂತ ಸುಮ್ಮನಾಗಬೇಡಿ. ಪದೇ ಪದೇ ಶೀತ ಆಗಿ ಕಿವಿಯೊಳಗೆ ನೀರು ತುಂಬಿದ ಮಗುವಿಗೆ ಜೋರು ಸದ್ದು ಕೇಳುತ್ತೆ, ಮಾತು ಸರಿಯಾಗಿ ಕೇಳುವುದಿಲ್ಲ. ಮಗು ಕೂತು ಸಹಕರಿಸದಿದ್ದರೆ ಬೆರಾ ಅಂತ ಇನ್ನೊಂದು ಕಿವಿ ಟೆಸ್ಟ್ ಮಾಡುತ್ತಾರೆ. ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ ಕರ್ಕೊಂಡು ಬನ್ನಿ ಅಂತಾರೆ, ಯಾಕೆಂದರೆ ಮಗು ನಿದ್ದೆ ಮಾಡುತ್ತಿರಬೇಕು. ಹಣೆಗೆ, ಕಿವಿ ಹಿಂದೆ ಸಣ್ಣ ಬಿಲ್ಲೆ ಅಂಟಿಸಿ ಕಿವಿಗೆ ಸದ್ದು ಬಿಡುತ್ತಾರೆ. ನೋವಿಲ್ಲ. ಬಸ್ಸಲ್ಲೇ ನಿದ್ದೆ ಮುಗಿಸಿಬಿಟ್ಟರೆ ಮಾತ್ರ ಕಷ್ಟ, ದಾರಿಯುದ್ದಕ್ಕೂ ಎಬ್ಬಿಸಿಕೊಂಡೇ ಇರಬೇಕು.

ನಾವು ಹೋಗಿದ್ದು ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ. ಜನ ಸ್ಪೀಚ್ ಅಂಡ್ ಹಿಯರಿಂಗ್ ಅಂತಾರೆ. ಕೇಂದ್ರ ಸರ್ಕಾರದ್ದು, 1965ರಿಂದ ಇದೇ ಕೆಲಸ. ಕಿವಿ, ಮಾತು, ಬುದ್ಧಿ ಬೆಳವಣಿಗೆ ಎಲ್ಲ ಒಂದೇ ಕಡೆ ನೋಡುತ್ತಾರೆ. ನಿಮಗೆ ಬೆಂಗಳೂರು ಹತ್ತಿರ, ನಿಮ್ಹಾನ್ಸ್‌ನಲ್ಲೂ ಮಕ್ಕಳ ವಿಭಾಗ ಇದೆ. ತಾಯಿ ಕಾರ್ಡು, ಹೆರಿಗೆಯ ಡಿಸ್ಚಾರ್ಜ್ ಚೀಟಿ ಇಟ್ಟುಕೊಂಡು ಹೋಗಿ. ಹುಟ್ಟಿದಾಗ ಅತ್ತನಾ, ಕಾಮಾಲೆ ಇತ್ತಾ ಅಂತೆಲ್ಲ ಕೇಳುತ್ತಾರೆ.

ಅತ್ತೆಯನ್ನೂ ಕರ್ಕೊಂಡು ಹೋಗಿ. ಬಜೆ ಬೇಡ ಅನ್ನುವುದನ್ನ ಡಾಕ್ಟರ್ ಬಾಯಿಂದಲೇ ಕೇಳಲಿ, ನೀವು ಹೇಳಿದರೆ ಮನೆಯಲ್ಲಿ ಜಗಳ. ಅಲ್ಲದೆ ಹಗಲಿಡೀ ಮಗು ಜೊತೆ ಇರುವವರಿಗೆ ಥೆರಪಿ ಗೊತ್ತಿದ್ದರೇ ಉಪಯೋಗ. ನಮಗೆ ಹೇಳಿಕೊಟ್ಟಿದ್ದರಲ್ಲಿ ಒಂದು: ಬಿಸ್ಕೆಟ್ಟನ್ನ ಪಾರದರ್ಶಕ ಡಬ್ಬಿಗೆ ಹಾಕಿ ಮುಚ್ಚಳ ಬಿಗಿ ಮಾಡಿ ಮಗು ಕೈಗೆ ಕೊಡುವುದು. ತೆಗೆಯಲು ಆಗದೆ ನಮ್ಮ ಕಡೆ ಚಾಚುತ್ತಾಳೆ. ತಕ್ಷಣ ತೆಗೆದುಕೊಡಬಾರದು. ಮುಖ ನೋಡುತ್ತಾ ಸುಮ್ನೆ ಒಂದೈದು ಎಣಿಸಿ, ಆಮೇಲೆ "ತೆಗಿ" ಅಂತ ನಾವೇ ಹೇಳಿ ತೆಗೆಯಬೇಕು. "ತೆಗಿ ಅನ್ನು, ಅನ್ನು" ಅಂತ ಪೀಡಿಸಬಾರದು. ನಮ್ಮತ್ತೆಗೆ ಆ ಐದು ಎಣಿಸುವುದೇ ಆಗುತ್ತಿರಲಿಲ್ಲ! ಊಟಕ್ಕೆ ಮೊಬೈಲ್ ಕೊಡುತ್ತಿದ್ದರೆ ನಿಲ್ಲಿಸಿ. ಆದರೆ ಮೊಬೈಲ್ ಬಿಡಿಸಿ ಆರು ತಿಂಗಳು ನೋಡೋಣ ಅಂತ ಟೆಸ್ಟ್ ಮುಂದೂಡಬೇಡಿ.

ಹಾವೇರಿ ಜಿಲ್ಲೆಯಿಂದ:

ಅಕ್ಕಾವ್ರು ಹೇಳಿದ್ದು ಸರಿ. ದೂರ ಹೋಗಲು ಆಗದವರಿಗೆ ಒಂದು ಮಾತು. ಸರ್ಕಾರದ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅದರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಬೆಳವಣಿಗೆ ತಡ ಅನಿಸಿದರೆ ಜಿಲ್ಲಾ ಆಸ್ಪತ್ರೆಯಲ್ಲಿರುವ ಡಿಇಐಸಿಗೆ, ಅಂದರೆ ಇಂಥ ಮಕ್ಕಳನ್ನ ಬೇಗ ನೋಡುವ ಕೇಂದ್ರಕ್ಕೆ ಬರೆದುಕೊಡುತ್ತಾರೆ, ಪುಕ್ಕಟೆ. ಅಂಗನವಾಡಿ ಟೀಚರ್‌ಗೆ ಹೇಳಿಟ್ಟರೆ ತಿಳಿಸುತ್ತಾರೆ. ಎಲ್ಲ ಥೆರಪಿಸ್ಟೂ ದಿನಾ ಸಿಗುತ್ತಾರೆ ಅಂತ ಇಲ್ಲ, ಫೋನ್ ಮಾಡಿ ಹೋಗಿ.

ಮತ್ತೆ, ತಿಂಗಳು ತುಂಬದೆ ಹುಟ್ಟಿದ ಮಗುವಾದರೆ ಲೆಕ್ಕ ಬೇರೆ. ನಮ್ಮ ಮಗಳು ಎರಡು ತಿಂಗಳು ಮುಂಚೆ ಹುಟ್ಟಿದವಳು. ಎರಡು ವರ್ಷದವರೆಗೆ ಆ ಎರಡು ತಿಂಗಳು ಕಳೆದೇ ನೋಡಿ ಅಂದಿದ್ದರು. ಹಾಗೆ ಕಳೆದರೂ 18 ತಿಂಗಳಿಗೆ ನಡೆಯಲಿಲ್ಲ. ಕಾಲು ಬಿಗಿ ಇತ್ತು, ಫಿಸಿಯೋಥೆರಪಿ ಶುರು ಮಾಡಿದೆವು, ಈಗಲೂ ನಡೆದಿದೆ. ಸ್ಟೆಮ್ ಸೆಲ್ ಹಾಕಿಸಿ, ಮೂರೇ ತಿಂಗಳಿಗೆ ಗುಣ ಅಂತ ಲಕ್ಷಗಟ್ಟಲೆ ಕೇಳುವವರೂ ಸಿಕ್ಕಿದರು. ಅಂಥವರ ಹತ್ತಿರ ಹೋಗಬೇಡಿ.

ಇಂಗ್ಲೆಂಡಿನಿಂದ:

ನಮಗೆ ಎಲ್ಲರೂ "ಕನ್ನಡ ಬಿಡಿ, ಇಂಗ್ಲಿಷ್ ಒಂದೇ ಮಾತಾಡಿ" ಅಂದರು. ಎರಡು ಭಾಷೆಯಿಂದ ಮಾತು ತಡ ಆಗುವುದಿಲ್ಲ, ಕನ್ನಡ ಬಿಡಬೇಡಿ ಅಂತ ಹೇಳಿದ್ದು ಸ್ಪೀಚ್ ಥೆರಪಿಸ್ಟೇ. ಇಲ್ಲಿ ಎರಡರಿಂದ ಎರಡೂವರೆ ವರ್ಷದೊಳಗೆ ಹೆಲ್ತ್ ವಿಸಿಟರ್, ಅಂದರೆ ಚಿಕ್ಕ ಮಕ್ಕಳ ಬೆಳವಣಿಗೆ ನೋಡುವ ನರ್ಸ್, ಮಗುವನ್ನ ನೋಡುತ್ತಾರೆ. ಆಗ ಎರಡೂ ಭಾಷೆಯ ಪದ ಸೇರಿಸಿ ಹೇಳಿ. ಬರೀ ಇಂಗ್ಲಿಷ್ ಪದ ಎಣಿಸಿದರೆ ನಮ್ಮ ಮಕ್ಕಳೆಲ್ಲ ಹಿಂದೆಯೇ.

ತುಮಕೂರು:

ಎಲ್ಲರಿಗೂ ಥ್ಯಾಂಕ್ಸ್. ಕಿವಿ ಟೆಸ್ಟಿಗೆ ಕೇಳಿದ್ದೇನೆ. ಅಷ್ಟರಲ್ಲಿ ಪ್ಲೇ ಹೋಮಿಗೆ ಹಾಕಿದರೆ ಮಾತು ಬರುತ್ತೆ ಅಂತಾರೆ, ಹಾಕಲಾ?

ಮಂಡ್ಯ:

ಟೆಸ್ಟ್ ಆಗಲಿ, ಆಮೇಲೆ ಹಾಕಿ. ಕಿವಿ ಸರಿಯಾಗಿ ಕೇಳದ ಮಗುವನ್ನ ಇಪ್ಪತ್ತು ಮಕ್ಕಳ ಗಲಾಟೆಯಲ್ಲಿ ಕೂರಿಸಿದರೆ ಅದಕ್ಕೆ ಇನ್ನೂ ಕಷ್ಟ. ಕಿವಿ ಸರಿ ಇದೆ ಅಂತಾದರೆ ಮಕ್ಕಳು ಕಮ್ಮಿ ಇರುವ ಕಡೆ ನೋಡಿ. ಟೀಚರ್‌ಗೂ ಆ ಡಬ್ಬಿ ವಿಷಯ ಹೇಳಿಕೊಡಿ.